ಆ ದೋಣಿಯನ್ನು ಆಮೇಲೆ ಯಾರು ರಿಪೇರಿ ಮಾಡಿದರು?

ಪ್ರವಾದಿ ಮೂಸಾ(ಅ) ಮತ್ತು ಖಿಝ್ರ್(ಅ)ರ ಪ್ರಯಾಣದ ವೃತ್ತಾಂತ ನಿಮಗೆಲ್ಲ ಗೊತ್ತಿದೆ. ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಬರುವ ಆ ಘಟನೆಯಲ್ಲಿ, ಸಮುದ್ರದಲ್ಲಿ ದುಡಿದು ಬದುಕುವ ಬಡವರ ದೋಣಿಯೊಂದನ್ನು ಖಿಝ್ರ್(ಅ) ಊನಗೊಳಿಸುತ್ತಾರೆ. ಒಳ್ಳೆಯ ದೋಣಿಗಳನ್ನೆಲ್ಲ ಬಲವಂತವಾಗಿ ಕಸಿದುಕೊಳ್ಳುವ ರಾಜನೊಬ್ಬ ಅವರ ಹಿಂದೆಯೇ ಇದ್ದ. ಊನವೇ ದೋಣಿಯನ್ನು ಉಳಿಸಿತು.

2017ರ ಜೂನ್ ತಿಂಗಳಲ್ಲಿ ಈ ಪಾಠ ಮುಗಿಸಿದಾಗ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. "ಹಜ್ರತ್, ರಾಜ ಹೋದ್ಮೇಲೆ ಆ ದೋಣೀನ ಯಾರು ರಿಪೇರಿ ಮಾಡಿದ್ರು?"

ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಬೇರೆ ವರ್ಷವಾಗಿದ್ದರೆ "ಕೂತ್ಕೋ" ಎಂದು ಹೇಳಿ ಮುಂದೆ ಹೋಗುತ್ತಿದ್ದೆನೇನೋ. ಆದರೆ ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ರಿಪೇರಿ ಮಾಡದ ದೋಣಿಯೊಂದರಲ್ಲಿ ನನ್ನ ಹತ್ತು ವರ್ಷದ ಮಗನನ್ನು ಕೂರಿಸಿಕೊಂಡು ಸಮುದ್ರಕ್ಕೆ ಹೋಗಿ ಬಂದಿದ್ದೆ.

ಬಯಲುಸೀಮೆಯ ಮೌಲ್ವಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಊರು ಮುಳಬಾಗಿಲು ತಾಲೂಕಿನ ಆವನಿ. ಬೆಟ್ಟ, ಬಂಡೆ, ರಾಮಲಿಂಗೇಶ್ವರನ ಹಳೆಯ ದೇವಾಲಯಗಳು, ಶಿವರಾತ್ರಿಯ ದನಗಳ ಜಾತ್ರೆ – ಇವುಗಳಿಗೆ ಹೆಸರಾದ ಊರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಕೆರೆ ತುಂಬಿದ ವರ್ಷ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ, ಅಂಗೈಯಗಲದ ಜಿಲೇಬಿ ಮೀನು ಹಿಡಿದದ್ದೇ ನಮ್ಮ ಬಾಲ್ಯದ ಬೇಟೆ. ಮದ್ರಸದಲ್ಲಿ ಓದುವಾಗ ಉಳ್ಳಾಲದ ಒಬ್ಬ ಹುಡುಗ ನನ್ನ ಪಕ್ಕದ ಚಾಪೆಯವನಾದ. ಅವನ ತಂದೆ ನಾಡದೋಣಿಯ ಮೀನುಗಾರರು. ಒಂದು ರಜೆಯಲ್ಲಿ ಅವನ ಮನೆಗೆ ಹೋದವನು ಗಾಳದ ಹುಚ್ಚು ಹತ್ತಿಸಿಕೊಂಡು ಬಂದೆ. ಅಂದಿನಿಂದ ಏಪ್ರಿಲ್ ರಜೆ ಬಂತೆಂದರೆ ಮುಳಬಾಗಿಲಿನಿಂದ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರು. ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಮೀನು ಹಿಡಿಯಲಿಕ್ಕೆ! ನನ್ನ ಮನೆಯಾಕೆ ಇದನ್ನು ಇಂದಿಗೂ ಒಪ್ಪಿಕೊಂಡಿಲ್ಲ.

ಕರಾವಳಿಯ ಓದುಗರು ನನ್ನನ್ನು ಕ್ಷಮಿಸಬೇಕು. ನಿಮ್ಮ ಅಂಗಳದ ವಿಷಯವನ್ನೇ ನಿಮಗೆ ಹೇಳಹೊರಟಿದ್ದೇನೆ. ಆದರೆ ಹೊರಗಿನಿಂದ ಬಂದವನು ತಿಂದ ಪೆಟ್ಟು ಒಳಗಿನವರಿಗೂ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ.

ಚಂದ್ರನ ಲೆಕ್ಕ

ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅರಬ್ಬಿ ಸಮುದ್ರ ಬೆಳಗಿನ ಹೊತ್ತು ಶಾಂತವಾಗಿರುತ್ತದೆ. ರಾತ್ರಿಯಿಡೀ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುವ ಗಾಳಿ ಬಿಸಿಲೇರುತ್ತಿದ್ದಂತೆ ನಿಲ್ಲುತ್ತದೆ. ಆಮೇಲೆ ಕಡಲಿನಿಂದ ನೆಲದ ಕಡೆಗೆ ಗಾಳಿ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ನೀರು ಮೊರೆಯತೊಡಗುತ್ತದೆ. ಹಾಗಾಗಿ ಸ್ನೇಹಿತನ ತಂದೆಯ ಕಟ್ಟುನಿಟ್ಟು ಹೀಗಿತ್ತು: ಫಜ್ರ್ ನಮಾಝ್ ಮುಗಿಸಿ ದೋಣಿ ಇಳಿಸಬೇಕು, ಝುಹರ್ ಬಾಂಗಿಗೆ ಮೊದಲು ದಡದಲ್ಲಿರಬೇಕು.

ಇನ್ನೊಂದು ಲೆಕ್ಕವನ್ನು ಅವರು ನನಗೆ ಕಲಿಸಿದರು. ನೇತ್ರಾವತಿ ಮತ್ತು ಗುರುಪುರ ನದಿಗಳು ಒಟ್ಟಾಗಿ ಸಮುದ್ರ ಸೇರುವ ಜಾಗಕ್ಕೆ ಅಳಿವೆಬಾಗಿಲು ಎನ್ನುತ್ತಾರೆ. ಇಳಿತದ ಹೊತ್ತಿನಲ್ಲಿ ನದಿಯ ನೀರೆಲ್ಲ ರಭಸವಾಗಿ ಹೊರಗೆ ನುಗ್ಗುತ್ತಿರುತ್ತದೆ, ಎದುರಿನಿಂದ ಕಡಲಿನ ಅಲೆ ಒಳಗೆ ಬರುತ್ತಿರುತ್ತದೆ. ಎರಡೂ ಡಿಕ್ಕಿಯಾದ ಕಡೆ ಅಲೆ ಗೋಡೆಯಂತೆ ಎದ್ದು ಮುರಿಯುತ್ತದೆ. ಸಣ್ಣ ದೋಣಿಗಳು ಮಗುಚುವುದು ನಡುಗಡಲಿನಲ್ಲಿ ಕಡಿಮೆ, ಇಂತಹ ಬಾಗಿಲಲ್ಲೇ ಹೆಚ್ಚು. ಉಬ್ಬರ ಏರುವಾಗ ಅಥವಾ ನೀರು ನಿಂತಾಗ ದಾಟಬೇಕು. ಆ ಹೊತ್ತು ಯಾವುದೆಂದು ತಿಳಿಯಲು ಹಿರಿಯರು ಗೋಡೆಯ ಮೇಲಿನ ಇಂಗ್ಲಿಷ್ ಕ್ಯಾಲೆಂಡರ್ ನೋಡುತ್ತಿರಲಿಲ್ಲ, ಹಿಜರಿ ತಾರೀಕು ಎಣಿಸುತ್ತಿದ್ದರು. ತಿಂಗಳ 1ರಿಂದ 3, ಹಾಗೆಯೇ 15ರಿಂದ 17ರ ಸುಮಾರಿಗೆ ಉಬ್ಬರವೂ ಜೋರು, ಇಳಿತವೂ ಜೋರು. 8-9 ಮತ್ತು 23-24ರ ಆಸುಪಾಸಿನಲ್ಲಿ ಎರಡೂ ಮೃದು. ರಂಜಾನಿನ ಚಂದ್ರ ಕಾಣಿಸಿತೇ ಇಲ್ಲವೇ ಎಂದು ವರ್ಷಕ್ಕೊಮ್ಮೆ ವಾದ ಮಾಡುವ ನಮಗೆ, ಅದೇ ಚಂದ್ರ ದಿನಾಲೂ ನೀರೆಳೆಯುತ್ತಿರುವುದು ನೆನಪಾಗುವುದೇ ಇಲ್ಲ.

ಗಾಳದ ವಿಷಯ ಹೇಳಿದರೆ ನಿಲ್ಲಿಸಲಾರೆ, ಸ್ವಲ್ಪ ಹೇಳಿ ಮುಗಿಸುತ್ತೇನೆ. ಮರಳಿನ ತಳದಲ್ಲಿ ಕಾಣೆ ಮೀನಿಗೆ ಸಣ್ಣ ಗಾಳ, ಸಿಗಡಿಯ ತುಂಡು. ಕಲ್ಲಿನ ಜಾಗದಲ್ಲಿ ಮುರು ಮೀನಿಗೆ ಗಟ್ಟಿ ದಾರ ಬೇಕು, ಏಕೆಂದರೆ ಕಚ್ಚಿದ ಮರುಕ್ಷಣ ಅದು ಕಲ್ಲಿನ ಸಂದಿಗೆ ನುಗ್ಗುತ್ತದೆ. ಅಂಜಲ್ ಬೇಕಾದರೆ ದೋಣಿಯನ್ನು ನಿಧಾನವಾಗಿ ಓಡಿಸುತ್ತ ಹಿಂದೆ ಇಡೀ ಬೂತಾಯಿಯನ್ನು ಎಳೆಯಬೇಕು. ಅದರ ಹಲ್ಲು ಕತ್ತರಿಯಂತಹದು, ಗಾಳದ ಮೇಲೆ ಒಂದು ಗೇಣು ಉಕ್ಕಿನ ತಂತಿ ಇಲ್ಲದಿದ್ದರೆ ನೈಲಾನ್ ದಾರ ಉಳಿಯುವುದಿಲ್ಲ. ಈಗಿನ ಹುಡುಗರ ಕೈಯಲ್ಲಿ ಫೈಬರ್ ಕೋಲು, ರೀಲು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳಿವೆ. ಈ ಹವ್ಯಾಸ ನಮ್ಮಲ್ಲಿ ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಬರೆದ ದಪ್ಪ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು.

ಸಮುದ್ರದ ಬೇಟೆ ನಮಗೆ ಹಲಾಲ್. ಆದರೆ ಒಂದು ಜೀವವನ್ನು ಬರೀ ಮೋಜಿಗಾಗಿ ನೋಯಿಸುವುದು ಬೇರೆ ವಿಷಯ. ಹಿಡಿದು ಫೋಟೋ ತೆಗೆದು ಬಿಡುವ ಆಟ ಕೆಲವರಿಗೆ ದೊಡ್ಡ ಪುಣ್ಯದ ಕೆಲಸದಂತೆ ಕಾಣುತ್ತದೆ, ನನಗೆ ಹಾಗನ್ನಿಸುವುದಿಲ್ಲ. ಮನೆಗೆ ಬೇಕಾದಷ್ಟು ಹಿಡಿದು ಗಾಳ ಸುತ್ತಿಡಬೇಕು. ಮರಿಮೀನು ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು ತಕ್ಷಣ ನೀರಿಗೆ ಬಿಡಬೇಕು. ಒಣಕೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆ ಹೋಗಿ, ಬದುಕಿದಂತೆ ಕಂಡರೂ ಆಮೇಲೆ ಸಾಯುತ್ತದೆ.

ಆ ಶನಿವಾರ

ಸ್ನೇಹಿತನ ತಂದೆ 2015ರಲ್ಲಿ ತೀರಿಕೊಂಡರು, ಇನ್ನಾ ಲಿಲ್ಲಾಹಿ ವಇನ್ನಾ ಇಲೈಹಿ ರಾಜಿಊನ್. ಅದಕ್ಕೂ ಮೊದಲು ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ದರು. ಸ್ನೇಹಿತ ಆಗ ದಮ್ಮಾಮಿನಲ್ಲಿದ್ದ. ದೋಣಿಯನ್ನು ಮೇಲಕ್ಕೆಳೆಯುವವರಿಲ್ಲದೆ ಅದು ಮಳೆಗಾಲ, ಬೇಸಿಗೆ ಎನ್ನದೆ ನದಿಯ ಬದಿಯಲ್ಲಿ ಕಟ್ಟಿದಲ್ಲೇ ಇತ್ತು. ಆಮೇಲೆ ಯಾರೋ ನೆರೆಯವರು ದಯೆಯಿಂದ ದಡಕ್ಕೆಳೆದು ಹಾಕಿದರು, ಮೇಲೆ ಮಡಲು ಹೊದೆಸಲಿಲ್ಲ. ಹೀಗೆ ಒಂದೂವರೆ ವರ್ಷ ನೀರಿನಲ್ಲಿ, ಮತ್ತೆರಡು ವರ್ಷ ಬಿಸಿಲಿನಲ್ಲಿ.

2017ರಲ್ಲಿ ಸ್ನೇಹಿತ ಊರಿಗೆ ಮರಳಿದ್ದ. ನಾನು ಹೋದಾಗ ದೋಣಿಗೆ ಎರಡು ಕೋಟು ಹಸಿರು ಬಣ್ಣ ಬಿದ್ದು ಮದುಮಗನಂತೆ ನಿಂತಿತ್ತು. ತಂದೆ 1986ರಲ್ಲಿ ಹೆಬ್ಬಲಸಿನ ಹಲಗೆಯಲ್ಲಿ ಮಾಡಿಸಿದ ದೋಣಿ, ನಮಗಿಂತ ಐದಾರು ವರ್ಷವಷ್ಟೇ ಕಿರಿಯದು.

"ಎಂತ ಉಸ್ತಾದ್, ಆಚಾರಿಗೆ ಒಮ್ಮೆ ತೋರಿಸಿ ಆಮೇಲೆ ಹೋಗುವನಾ?" ಎಂದು ಅವನೇ ಕೇಳಿದ. ಆಚಾರಿ ಸೋಮವಾರ ಬರುವವರಿದ್ದರು. ನನಗೆ ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟಾಗಿತ್ತು. "ಬಣ್ಣ ಹೊಡೆಸಿದ್ದೀಯಲ್ಲ, ಇನ್ನೇನು?" ಎಂದುಬಿಟ್ಟೆ. ಅತಿಥಿಯ ಮಾತಿಗೆ ಅವನು ಇಲ್ಲ ಎನ್ನಲಿಲ್ಲ. ಈ ಒಂದು ವಾಕ್ಯವನ್ನು ಹಿಂದಕ್ಕೆ ಪಡೆಯುವ ಹಾಗಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಶನಿವಾರ ಬೆಳಗ್ಗೆ ಮೂವರು ಹೋದೆವು: ಅವನು, ನಾನು, ನನ್ನ ಮಗ. ಜೀವರಕ್ಷಕ ಜಾಕೆಟ್ ಒಂದೂ ಇರಲಿಲ್ಲ. ಅಳಿವೆಬಾಗಿಲು ಸುಲಭವಾಗಿ ದಾಟಿತು. ಎಂಟು ಗಂಟೆಯೊಳಗೆ ಆರೇಳು ಕಾಣೆ ಸಿಕ್ಕಿದವು, ಮಗನ ಗಾಳಕ್ಕೇ ಮೂರು. ಅವನ ಸಂಭ್ರಮದ ನಡುವೆ ನನ್ನ ಪಾದ ಒದ್ದೆಯಾದದ್ದು ಗಮನಕ್ಕೆ ಬಂತು. ದೋಣಿಯೊಳಗೆ ಸ್ವಲ್ಪ ನೀರು ಇರುವುದು ಸಹಜ, ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದ ಮೊಗೆಯಿಂದ ಎತ್ತಿ ಹಾಕಿದೆ. ಹತ್ತು ನಿಮಿಷದಲ್ಲಿ ಮತ್ತೆ ಕಣಕಾಲಿನವರೆಗೆ ಬಂತು. ಸ್ನೇಹಿತನ ಮುಖ ನೋಡಿದೆ. ಅವನು ಮಾತಾಡದೆ ದಾರಗಳನ್ನು ಕತ್ತರಿಸಿ ಇಂಜಿನ್ ಚಾಲೂ ಮಾಡಿದ.

ಔಟ್‌ಬೋರ್ಡ್ ಇಂಜಿನ್ ಓಡುವಾಗ ಹಿಂಬದಿಯಿಂದ ನೀರಿನ ಒಂದು ಸಣ್ಣ ಎಳೆ ಚಿಮ್ಮುತ್ತಿರಬೇಕು. ಇಂಜಿನ್ನನ್ನು ತಂಪು ಮಾಡುವ ನೀರು ಒಳಗೆ ಓಡಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಅಂದು ಆ ಎಳೆ ಸಪೂರವಾಗಿ, ಆಮೇಲೆ ನಿಂತುಹೋಯಿತು. ವರ್ಷಗಟ್ಟಲೆ ಬಿದ್ದಿದ್ದ ಇಂಜಿನ್‌ನೊಳಗೆ ನೀರೆಳೆಯುವ ರಬ್ಬರ್ ಚಕ್ರ ಒಣಗಿ ಮುರಿದಿತ್ತು. ಸ್ವಲ್ಪ ದೂರದಲ್ಲಿ ಇಂಜಿನ್ ಕಾದು ಬಂದ್ ಬಿತ್ತು. ಗಾಳಿ ತಿರುಗುವ ಹೊತ್ತು ಹತ್ತಿರವಾಗಿತ್ತು.

ಮಗ ಅಳಲಿಲ್ಲ. "ಅಬ್ಬಾ, ಮೀನನ್ನ ನೀರಿಗೆ ಹಾಕಿದ್ರೆ ದೋಣಿ ಹಗುರ ಆಗುತ್ತಾ?" ಎಂದು ಕೇಳಿದ. ಅವನೂ ಮೊಗೆ ಹಿಡಿದ. ನಾನು ನೀರೆತ್ತುತ್ತ ಕಲಿಮಾ ಹೇಳುತ್ತಿದ್ದೆ, ಅವನಿಗೆ ಕೇಳಿಸಬಾರದೆಂದು ಮನಸ್ಸಿನಲ್ಲೇ.

ಮರಳುತ್ತಿದ್ದ ಇನ್ನೊಂದು ನಾಡದೋಣಿಯವರು ಸ್ನೇಹಿತ ಬೀಸಿದ ಅಂಗಿಯನ್ನು ಕಂಡು ಬಂದರು. ಮೊದಲು ಮಗನನ್ನು ತಮ್ಮ ದೋಣಿಗೆ ಎತ್ತಿಕೊಂಡರು, ಆಮೇಲೆ ಹಗ್ಗ ಎಸೆದರು. ಅಳಿವೆಯ ಹೊರಗೆ ಅರ್ಧ ಗಂಟೆ ಕಾಯಿಸಿ, ಉಬ್ಬರ ಏರತೊಡಗಿದ ಮೇಲೆ ಒಳಗೆ ತಂದರು. ದಡಕ್ಕೆ ಬಂದ ಮೇಲೆ ಅವರಲ್ಲಿ ಹಿರಿಯರೊಬ್ಬರು ಬಣ್ಣ ಹೊಡೆದ ದೋಣಿಯನ್ನೂ ನನ್ನನ್ನೂ ನೋಡಿ ಏನೂ ಹೇಳದೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು. ನಮ್ಮ ಕಾಣೆ ಮೀನುಗಳನ್ನು ಅವರಿಗೇ ಕೊಟ್ಟೆವು.

ಹುಳದ ಮನೆ

ಬಸ್ ಟಿಕೆಟ್ ರದ್ದು ಮಾಡಿಸಿ ಸೋಮವಾರದವರೆಗೆ ಉಳಿದೆ. ಆಚಾರಿ ಬಂದರು, ಎಪ್ಪತ್ತರ ಆಸುಪಾಸಿನವರು. ಸುತ್ತಿಗೆಯ ಹಿಡಿಯಿಂದ ತಳದ ಹಲಗೆಗಳನ್ನು ಗೇಣುಗೇಣಿಗೆ ತಟ್ಟುತ್ತ ಬಂದರು. ಟಣ್ ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ಬೊದ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದರು, ಹಿಡಿಯವರೆಗೆ ಒಳಗೆ ಹೋಯಿತು. ಹಲಗೆ ಕಿತ್ತಾಗ ಒಳಗೆ ಬೆರಳು ಹೋಗುವಷ್ಟು ಸುರಂಗಗಳು, ಅವುಗಳ ಗೋಡೆಗೆ ಸುಣ್ಣ ಬಳಿದಂತೆ ಬಿಳಿ ಪದರ.

"ನೀವು ಬಣ್ಣ ಕೊಟ್ಟದ್ದು ದೋಣಿಗಲ್ಲ ಮಾರಾಯ್ರೇ, ಹುಳದ ಮನೆಗೆ" ಎಂದರು.

ಉಪ್ಪುನೀರಿನಲ್ಲಿ ಮರ ಕೊರೆಯುವ ಈ ಜೀವಿ ಹೆಸರಿಗೆ ಹುಳ, ನಿಜದಲ್ಲಿ ಕಪ್ಪೆಚಿಪ್ಪಿನ ಬಳಗದ್ದು. ಸೂಜಿಮೊನೆಯಷ್ಟು ತೂತಿನಿಂದ ಮರಿಯಾಗಿ ಒಳಹೊಕ್ಕು ಮರ ತಿನ್ನುತ್ತ ಒಳಗೇ ಬೆಳೆಯುತ್ತದೆ. ಹೊರಗೆ ಮಾತ್ರ ಹಲಗೆ ಹೊಸದರಂತೆಯೇ ಕಾಣುತ್ತದೆ. ಸಿಹಿನೀರು ಇದಕ್ಕೆ ಆಗದು. ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಅಳಿವೆಯ ನೀರು ಸಿಹಿಯಾದಾಗ ಇದರ ಹಾವಳಿ ತಗ್ಗುತ್ತದೆ, ಮಳೆ ನಿಂತು ಉಪ್ಪು ಒಳಗೇರಿದಂತೆ ಮತ್ತೆ ಹೆಚ್ಚುತ್ತದೆ. ಅಂದರೆ ಗಾಳಕ್ಕೆ ಒಳ್ಳೆಯದಾದ ಬೇಸಿಗೆಯ ತಿಂಗಳುಗಳೇ ಹುಳಕ್ಕೂ ಒಳ್ಳೆಯವು. ದೋಣಿಯನ್ನು ನೀರಿನಿಂದ ಎಳೆದು ಚೆನ್ನಾಗಿ ಒಣಗಿಸಿದರೆ ಹುಳ ಸಾಯುತ್ತದೆ. ಹಿರಿಯರು ದೋಣಿ ಮೇಲಕ್ಕೆಳೆಯುತ್ತಿದ್ದುದು ಬರೀ ಮಳೆಯ ಭಯಕ್ಕಲ್ಲ.

ಆದರೆ ಒಣಗಿಸುವುದಕ್ಕೂ ಮಿತಿ ಇದೆ. ನಮ್ಮ ದೋಣಿಗೆ ಎರಡನೆಯ ಪೆಟ್ಟು ಬಿದ್ದದ್ದು ಅಲ್ಲೇ. ಸುಡುಬಿಸಿಲಿಗೆ ಹಲಗೆ ಕುಗ್ಗಿ, ಸಂದುಗಳಲ್ಲಿ ಬಡಿದಿದ್ದ ಹತ್ತಿ ಸಡಿಲವಾಗಿ ಉದುರಿತ್ತು. ಅದಕ್ಕೇ ಮಡಲು ಹೊದೆಸಿ ನೆರಳಿನಲ್ಲಿ ಇಡಬೇಕು, ಗಾಳಿಯಾಡಲು ಅಡಿಗೆ ತೆಂಗಿನ ಕೊರಡು ಕೊಡಬೇಕು. ತಿಂಗಳುಗಟ್ಟಲೆ ದಡದಲ್ಲಿದ್ದ ದೋಣಿಯನ್ನು ಎಳೆದವರೇ ಕಡಲಿಗೆ ಕೊಂಡುಹೋಗಬಾರದು. ಎರಡು ಮೂರು ದಿನ ದಡದ ಬಳಿ ಆಳವಿಲ್ಲದ ನೀರಿನಲ್ಲಿ ಕಟ್ಟಿ ನೆನೆಸಿದರೆ ಹಲಗೆ ಹಿಗ್ಗಿ ಸಂದು ತಾನಾಗಿ ಬಿಗಿಯುತ್ತದೆ. ಆಗಲೂ ನೀರು ಒಸರಿದರೆ ಅದೇ ಜಾಗ ರಿಪೇರಿ ಬೇಡುತ್ತಿದೆ ಎಂದರ್ಥ.

ಆಚಾರಿ ಮೂರು ಹಲಗೆ ಬದಲಾಯಿಸಿದರು. ಕೆಲವು ಕಡೆ ತಾಮ್ರದ ಮೊಳೆಯ ಪಕ್ಕದಲ್ಲೇ ಯಾರೋ ಕಬ್ಬಿಣದ ಮೊಳೆ ಹೊಡೆದಿದ್ದರು, ಉಪ್ಪುನೀರಿನಲ್ಲಿ ಎರಡು ಲೋಹ ಒಟ್ಟಿಗಿದ್ದರೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಅವನ್ನೆಲ್ಲ ಕಿತ್ತರು. ಸಂದುಗಳಿಗೆ ಹೊಸ ಹತ್ತಿ ಬಡಿದು, ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಕೊಟ್ಟರು. ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸಿಲ್ಲದೆ ಮುಟ್ಟಬೇಡಿ. "ಮೇಲಿಂದ ಫೈಬರ್ ಹೊದೆಸಿಬಿಟ್ಟರೆ ಚಿಂತೆಯೇ ಇಲ್ಲ" ಎಂದು ಕೆಲವರು ಸಲಹೆ ಕೊಟ್ಟರು. ಆಚಾರಿ ತಲೆಯಾಡಿಸಿದರು. ಒಳಗಿನ ಮರ ಪೂರ್ತಿ ಒಣಗಿ ಗಟ್ಟಿಯಾಗಿದ್ದರೆ ಸರಿ, ಇಲ್ಲವಾದರೆ ಫೈಬರಿಗೂ ಮರಕ್ಕೂ ನಡುವೆ ನೀರು ಸಿಕ್ಕಿ, ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ.

ಇಂಜಿನ್ ವಿಷಯದಲ್ಲಿ ಸ್ನೇಹಿತ ಈಗ ನಿಷ್ಠುರ. ಪ್ರತಿ ಸಲ ಬಂದ ಕೂಡಲೇ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಐದು ನಿಮಿಷ ಓಡಿಸುತ್ತಾನೆ, ಒಳಗಿನ ಉಪ್ಪು ತೊಳೆದುಹೋಗಲಿ ಎಂದು. ಕೆಲವು ದಿನ ಬಳಕೆ ಇಲ್ಲವೆಂದರೆ ಕಾರ್ಬುರೇಟರಿನ ಎಣ್ಣೆ ಖಾಲಿ ಮಾಡುತ್ತಾನೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದು ಅರ್ಥ, ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಬೇಕು. ರಬ್ಬರ್ ಚಕ್ರವನ್ನು ವರ್ಷಕ್ಕೊಮ್ಮೆ, ಚೆನ್ನಾಗಿದ್ದರೂ ಬದಲಾಯಿಸುತ್ತಾನೆ.

ತಳ ಉಜ್ಜಲು ಅವನು ಹಿಡಿದಿರುವ ಉಪಾಯ ಅವನ ತಂದೆಯದು. ಹಿಜರಿ ತಿಂಗಳ ಆರಂಭದ ಅಥವಾ ನಡುವಿನ ದೊಡ್ಡ ಉಬ್ಬರದಲ್ಲಿ ದೋಣಿಯನ್ನು ಆದಷ್ಟು ಮೇಲಕ್ಕೆ ತಂದು ನಿಲ್ಲಿಸುತ್ತಾನೆ. ನೀರು ಇಳಿದಾಗ ದೋಣಿ ಮರಳಿನ ಮೇಲೆ ಕೂರುತ್ತದೆ. ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆದು, ಹಲಗೆ ತಟ್ಟಿ ನೋಡಿ, ಎಣ್ಣೆ ಬೇಕಾದಲ್ಲಿ ಗುರುತು ಹಾಕುವಷ್ಟರಲ್ಲಿ ಮುಂದಿನ ಉಬ್ಬರ ಬಂದು ದೋಣಿಯನ್ನು ಎತ್ತಿಕೊಳ್ಳುತ್ತದೆ. ಕೂಲಿಯಾಳು ಬೇಡ, ಕ್ರೇನ್ ಬೇಡ.

ಬಿಡಬಾರದ ಕೆಲವು

ಮಕ್ಕಳನ್ನು ಕರೆದುಕೊಂಡು ಹೋಗುವವರಾದರೆ ಅವರ ಅಳತೆಯ ಜಾಕೆಟ್ ಇರಲೇಬೇಕು. ದೊಡ್ಡವರ ಜಾಕೆಟ್ ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನಿನಲ್ಲಿ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಬರೆದಿಟ್ಟುಕೊಳ್ಳಿ. ಹೋಗುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆ ನೋಡಿ, ಆಕಾಶ ನೋಡಿ ನಂಬಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ಕೇರಳ ಮತ್ತು ನಮ್ಮ ದಕ್ಷಿಣದ ತೀರಕ್ಕೆ, ಇಲ್ಲಿ ಗಾಳಿಯೇ ಇಲ್ಲದಾಗಲೂ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಬಂದು ಅಪ್ಪಳಿಸುವುದುಂಟು. ಮಲಯಾಳಂನಲ್ಲಿ ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು. 2012ರಲ್ಲಿ ಯುನೆಸ್ಕೊ ಕೂಡ ಈ ಹೆಸರನ್ನೇ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಹತ್ತು ಅಶ್ವಶಕ್ತಿಯೊಳಗಿನ ಇಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ ಸ್ನೇಹಿತ ಮೇ ಕೊನೆಗೆ ದೋಣಿ ಮೇಲಕ್ಕೆಳೆದು ಬಿಡುತ್ತಾನೆ. ಮಳೆಗಾಲದ ಅಳಿವೆಬಾಗಿಲು ಹವ್ಯಾಸಕ್ಕೆ ಹೋಗುವ ಜಾಗವಲ್ಲ.

ಇಷ್ಟೆಲ್ಲ ಖರ್ಚು, ಶ್ರಮ ಯಾಕೆ, ಮಾರಿ ಹೊಸ ಫೈಬರ್ ದೋಣಿ ಕೊಳ್ಳಬಾರದೇ ಎಂದು ಅವನ ಮನೆಯಲ್ಲೂ ಮಾತಾಯಿತು. ಆ ವರ್ಷ ಕೊಳ್ಳಲು ಒಬ್ಬರು ಬಂದಿದ್ದರು. ಹಲಗೆ ಬದಲಾಯಿಸುವ ಮೊದಲೇ, ಹಸಿರು ಬಣ್ಣ ನೋಡಿಯೇ ಒಳ್ಳೆಯ ಬೆಲೆ ಹೇಳಿದರು. ಸ್ನೇಹಿತ ಅವರನ್ನು ಕರೆದುಕೊಂಡು ಹೋಗಿ ಸ್ಕ್ರೂಡ್ರೈವರ್ ಹೋದ ಜಾಗ ತೋರಿಸಿದ. ಅವರು ಹಿಂದೆ ಸರಿದರು. ಮಾರುವ ವಸ್ತುವಿನ ದೋಷವನ್ನು ಮುಚ್ಚಿಡಬಾರದೆಂದು ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಓದಿದ್ದೆವು. ನಾನು ಅದನ್ನು ಇಂದಿಗೂ ಮಕ್ಕಳಿಗೆ ಪಾಠ ಮಾಡುತ್ತೇನೆ, ಅವನು ಅಂದು ಮಾಡಿ ತೋರಿಸಿದ.

ನನ್ನ ಮನೆಯಾಕೆಗೆ ನಡೆದದ್ದನ್ನು ಹೇಳಲು ನನಗೆ ಎಂಟು ದಿನ ಬೇಕಾಯಿತು. ಮಗ ಮೊದಲೇ ಹೇಳಿಬಿಟ್ಟಿದ್ದ. ಎರಡು ವರ್ಷ ಅವನನ್ನು ಕಳುಹಿಸಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. 2021ರ ನವೆಂಬರಿನ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ತುಂಬಿ ಕೋಡಿ ಹರಿದಾಗ ಊರ ಹುಡುಗರೆಲ್ಲ ಗಾಳ ಹಿಡಿದು ಕಟ್ಟೆಗೆ ಓಡಿದರು. ಮೀನು ಹಿಡಿಯುವವರ ತೆಪ್ಪವೊಂದು ದಡದಲ್ಲಿ ಕವುಚಿ ಬಿದ್ದಿತ್ತು. ನೋಡುತ್ತಿದ್ದಂತೆ ನನ್ನ ಮಗ ಮಂಡಿಯೂರಿ ಕೂತು ಅದರ ತಳವನ್ನು ಬೆರಳಗೆಣ್ಣಿನಿಂದ ಗೇಣುಗೇಣಿಗೆ ತಟ್ಟತೊಡಗಿದ. ತೆಪ್ಪದ ಯಜಮಾನ "ಏನಪ್ಪಾ, ಕಲಾಯಿ ಹಾಕೋರ ಮನೆಯವನಾ?" ಎಂದು ನಕ್ಕರು.

"ಒಂದ್ಕಡೆ ಸದ್ದು ಬೇರೆ ಬರ್ತಿದೆ ನೋಡಿ ಅಣ್ಣಾ" ಎಂದ ಮಗ. ಆ ಯಜಮಾನ ನಗು ನಿಲ್ಲಿಸಿ ತಾನೂ ಬಾಗಿ ಕಿವಿಗೊಟ್ಟರು.